ಪೈಥಾನ್ ಎರಡರಲ್ಲಿ ಉಳಿದ ಹಾಡುಗಳು

ಕನ್ನಡ ಪಠ್ಯವನ್ನಿಟ್ಟುಕೊಂಡು ಪ್ರೋಗ್ರಾಂ ಬರೆಯಲು ಹೊರಟವರಿಗೆ, ಅದರಲ್ಲೂ ಪೈಥಾನ್ ಭಾಷೆಯ ಹಳೆಯ ಆವೃತ್ತಿಯಲ್ಲಿ ಕೈಯಾಡಿಸಿದವರಿಗೆ, ಒಂದು ಬೈಗುಳ ಬಾಯಿಪಾಠವಾಗಿರುತ್ತದೆ. 'ಇ-ಸೊನ್ನೆ ಎಂಬ ಬೈಟನ್ನು ಆಸ್ಕಿ ಓದಲಾರದು, ಅದು 128ರ ಮಿತಿಯೊಳಗಿಲ್ಲ' ಎಂಬುದು ಅದರ ಸಾರಾಂಶ. ಆ ಇ-ಸೊನ್ನೆ ಬೇರೆ ಯಾರೂ ಅಲ್ಲ, ನಮ್ಮ ಕನ್ನಡವೇ. ಯೂನಿಕೋಡಿನ ಕನ್ನಡ ಅಕ್ಷರಗಳನ್ನು ಯುಟಿಎಫ್-8 ಎಂಬ ಕ್ರಮದಲ್ಲಿ ಉಳಿಸಿದಾಗ ಪ್ರತಿಯೊಂದೂ ಮೂರು ಬೈಟ್ ಜಾಗ ಹಿಡಿಯುತ್ತದೆ. ಆ ಮೂರರಲ್ಲಿ ಮೊದಲನೆಯದು ಯಾವಾಗಲೂ ಇ-ಸೊನ್ನೆ. ಹಿಂದಿಗೂ ತಮಿಳಿಗೂ ತೆಲುಗಿಗೂ ಅದೇ ಕಥೆ. ಅಂದರೆ ಫೈಲಿನ ಬಾಗಿಲು ತೆರೆದು ಮೊದಲ ಅಕ್ಷರ ಕಂಡಕೂಡಲೇ ಯಂತ್ರ 'ಇದು ನನಗೆ ತಿಳಿಯದ ಭಾಷೆ' ಎಂದು ಕೈಚೆಲ್ಲಿ ಕೂರುತ್ತಿತ್ತು. ಪೈಥಾನ್ ಮೂರನೇ ಆವೃತ್ತಿ ಹುಟ್ಟಿದ್ದಕ್ಕೆ ಇದ್ದ ದೊಡ್ಡ ಕಾರಣಗಳಲ್ಲಿ ಈ ಬೈಗುಳವೂ ಒಂದು ಎಂಬುದು ನನಗೆ ಬಹಳ ತಡವಾಗಿ ಗೊತ್ತಾಯಿತು.

ನಾನು ಕಂಪ್ಯೂಟರ್ ವಿಜ್ಞಾನದವಳಲ್ಲ. ಜಾನಪದದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ, ಇದು ನಾಲ್ಕನೇ ವರ್ಷ. ಹೆಂಗಸರ ಹಾಡುಗಳ ಸಾಲುಗಳು ಎಷ್ಟುದ್ದ ಇರುತ್ತವೆ, ಯಾವ ಮಾತು ಎಲ್ಲೆಲ್ಲಿ ಮರಳಿ ಬರುತ್ತದೆ, ರಾಗಿ ಬೀಸುವ ಪದಕ್ಕೂ ಮದುವೆಯ ಸೋಬಾನೆಗೂ ಕಟ್ಟಿನಲ್ಲಿ ಏನು ನಂಟು ಎಂಬುದು ನನ್ನ ವಿಷಯ. ಅದಕ್ಕೆ ಬೇಕಾದ ಹಾಡುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ಸಂಗ್ರಹಿಸಿದ್ದು ನಾನಲ್ಲ. ನಮ್ಮ ವಿಭಾಗದಲ್ಲೇ ಸುಮಾರು ಹದಿನೈದು ವರ್ಷದ ಹಿಂದೆ ಸಂಶೋಧನೆ ಮಾಡುತ್ತಿದ್ದ ಸೀನಿಯರ್ ಒಬ್ಬರು ಅರಸೀಕೆರೆ, ತಿಪಟೂರು ಕಡೆಯ ಊರುಗಳ ಜಗಲಿಗಳಲ್ಲಿ ಕ್ಯಾಸೆಟ್ ರೆಕಾರ್ಡರ್ ಇಟ್ಟುಕೊಂಡು ಕೂತು ಕೇಳಿಸಿಕೊಂಡವು ಅವು. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿದೆ. ಹಾಡಿದವರಲ್ಲಿ ಅನೇಕರು ಈಗಿಲ್ಲ. ಉಳಿದಿರುವುದು ಸಾವಿರಕ್ಕೂ ಮಿಕ್ಕ ಟೆಕ್ಸ್ಟ್ ಫೈಲುಗಳು, ಮತ್ತು ಅವನ್ನು ಯೂನಿಕೋಡಿಗೆ ತಂದು ಎಣಿಸಲು ಅವರೇ ಬರೆದುಕೊಂಡಿದ್ದ ಪೈಥಾನ್ 2.7ರ ಒಂದು ಪ್ರೋಗ್ರಾಂ. ಅದು ಓಡುತ್ತಿದ್ದುದು ವಿಭಾಗದ ಮೂಲೆಯ ಒಂದೇ ಒಂದು ಡೆಸ್ಕ್‌ಟಾಪಿನಲ್ಲಿ. ಆ ಡೆಸ್ಕ್‌ಟಾಪಿನ ಹೆಸರು ಗುಜರಿ ಪಟ್ಟಿಯಲ್ಲಿ ಬಂತು. ಗೈಡ್ ಮೇಡಂ ನನ್ನನ್ನು ಕರೆದು, "ಅದು ಹೋಗೋದ್ರೊಳಗೆ ಏನಾದ್ರೂ ಮಾಡಮ್ಮ" ಎಂದರು.

ಇಲ್ಲಿ 'ನುಡಿ' ಫಾಂಟಿನ ವಿಷಯ ಸ್ವಲ್ಪ ಹೇಳಬೇಕು. ಈಗಿನ ವಿದ್ಯಾರ್ಥಿಗಳು ಫೋನಿನಲ್ಲಿ ನೇರ ಯೂನಿಕೋಡ್ ಕನ್ನಡ ಒತ್ತುತ್ತಾರೆ. ಅವರಿಗೆ ಇದು ಹಳೆಯ ಕಾಲದ ಕಥೆಯಂತೆ ಕೇಳಬಹುದು. ಯೂನಿಕೋಡ್ ನಮ್ಮಲ್ಲಿ ಬಳಕೆಗೆ ಬರುವ ಮುನ್ನ ಕನ್ನಡಿಗರು ಕಂಪ್ಯೂಟರಿಗೆ ಒಂದು ಸುಳ್ಳು ಹೇಳಿ ಕೆಲಸ ಮಾಡಿಸಿಕೊಳ್ಳುತ್ತಿದ್ದರು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಜಾಗಗಳಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸುವುದು. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ, ಹೀಗೆ ನಮ್ಮ ಪತ್ರಿಕೆ, ಕಚೇರಿ, ಡಿಟಿಪಿ ಅಂಗಡಿಗಳೆಲ್ಲ ವರ್ಷಗಟ್ಟಲೆ ಈ ಬಗೆಯ ಫಾಂಟುಗಳ ಮೇಲೆ ನಿಂತಿದ್ದವು. ನುಡಿಯಲ್ಲಿ 'ಕನ್ನಡ' ಎಂದು ಟೈಪಿಸಿದರೆ ಫೈಲಿನೊಳಗೆ ಉಳಿಯುವುದು ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಓರೆಗೆರೆಯ ಎ, ಜರ್ಮನರ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಆ ಎ. ಒಟ್ಟು ಏಳು ಬೈಟು. ನುಡಿ ಫಾಂಟು ಹಾಕಿದ್ದರೆ 'ಕನ್ನಡ' ಎಂದು ಕಾಣುತ್ತದೆ, ಇಲ್ಲದಿದ್ದರೆ ಭೂತ ಹಿಡಿದ ಟೆಲಿಗ್ರಾಂ.

ಬರೀ ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಸಾಲದು ಎಂಬುದು ಇದರ ನಿಜವಾದ ತಲೆನೋವು. ನುಡಿ ಕಣ್ಣಿಗೆ ಕಾಣುವ ಕ್ರಮದಲ್ಲಿ ತುಂಡುಗಳನ್ನು ಇಡುತ್ತದೆ, ಯೂನಿಕೋಡ್ ಉಚ್ಚರಿಸುವ ಕ್ರಮದಲ್ಲಿ. 'ಕರ್ನಾಟಕ' ಎಂಬಲ್ಲಿ ಅರ್ಕಾವತ್ತು ಬರಹದಲ್ಲಿ 'ನಾ' ಆದಮೇಲೆ ಬರುತ್ತದೆ, ಬಾಯಲ್ಲಿ ಅದಕ್ಕೆ ಮೊದಲೇ ಬರುತ್ತದೆ. ಆದ್ದರಿಂದ ಪರಿವರ್ತಕ ಪ್ರೋಗ್ರಾಂ ಅರ್ಕಾವತ್ತು ಸಿಕ್ಕಿದಲ್ಲೆಲ್ಲ ಒಂದು ಇಡೀ ಅಕ್ಷರದಷ್ಟು ಹಿಂದಕ್ಕೆ ನಡೆದು ಅದನ್ನು ನಾಟಿ ಮಾಡಬೇಕು. ಒತ್ತಕ್ಷರವಿದ್ದರೆ ಇನ್ನೂ ಹಿಂದಕ್ಕೆ.

"ಇದಕ್ಕೆಲ್ಲ ಆನ್‌ಲೈನಿನಲ್ಲೇ ಪರಿವರ್ತಕಗಳಿವೆಯಲ್ಲ, ಹಳೆಯ ಕೋಡಿನ ಗೋಜು ಯಾಕೆ?" ಎಂದು ಹಾಸ್ಟೆಲ್ಲಿನ ಗೆಳತಿಯರು ಕೇಳಿದರು. ನಾನೂ ಅದನ್ನೇ ಮೊದಲು ಯೋಚಿಸಿದ್ದು. ಆದರೆ ಸೀನಿಯರ್ ಬರೆದ ಪ್ರೋಗ್ರಾಮನ್ನು ಒಂದು ಮಧ್ಯಾಹ್ನ ಪೂರ್ತಿ ಕೂತು ಓದಿದಾಗ ಕಂಡದ್ದು ಬೇರೆ. ಅವರು ಫೈಲುಗಳಲ್ಲಿ ಅಲ್ಲಲ್ಲಿ ಸಮಚಿಹ್ನೆ ಬಳಸಿದ್ದರು. ಕೋಡಿನ ಪಟ್ಟಿಯ ನಡುವೆ, ಆ ಚಿಹ್ನೆಯ ಪಕ್ಕದಲ್ಲಿ, ಇಂಗ್ಲಿಷ್ ಲಿಪಿಯ ಕನ್ನಡದಲ್ಲಿ ಒಂದು ಟಿಪ್ಪಣಿ: ಬಾಣಾವರದ ಅಜ್ಜಿ, ಒಂದು ಅಂದರೆ ಎಳೆತ, ಎರಡು ಅಂದರೆ ಕಾಳು. ಏನೂ ಅರ್ಥವಾಗದೆ ಫೋನು ಮಾಡಿದೆ.

"ಅಣ್ಣಾ, ಈ ಕಾಳು ಅಂದ್ರೇನು?"

"ಅದಾ? ಆ ಅಜ್ಜಿ ಬೀಸುಕಲ್ಲು ಒಂದು ಸುತ್ತು ಬರೋ ತನಕ ಅಕ್ಷರ ಎಳೀತಿದ್ರು ಕಣಮ್ಮ. ಕಲ್ಲಿನ ಬಾಯಿಗೆ ಕಾಳು ಹಾಕೋವಾಗ ಪದದ ಮಧ್ಯೆನೇ ನಿಲ್ಲಿಸ್ಬಿಡೋರು. ಹಾಕಿ ಆದ್ಮೇಲೆ ಅಲ್ಲಿಂದಾನೇ ಎತ್ಕೊಳ್ಳೋರು. ಬರೆಯೋಕೆ ನನಗೆ ಬೇರೆ ದಾರಿ ಹೊಳೀಲಿಲ್ಲ."

ಆನ್‌ಲೈನ್ ಪರಿವರ್ತಕಕ್ಕೆ ಹಾಕಿದ್ದರೆ ಆ ಸಮಚಿಹ್ನೆಗಳು ಹಾಗೇ ಉಳಿಯುತ್ತಿದ್ದವು, ನಿಜ. ಆದರೆ ಮುಂದಿನ ಹಂತದಲ್ಲಿ ಪದ ಬಿಡಿಸುವ ಯಾವುದೇ ಸಿದ್ಧ ಪ್ರೋಗ್ರಾಂ ಅವನ್ನು ಬರೀ ವಿರಾಮಚಿಹ್ನೆ ಎಂದು ತಿಳಿದು ಒಂದು ಪದವನ್ನು ಎರಡು ಮಾಡಿ ಎಣಿಸುತ್ತಿತ್ತು. ಅಜ್ಜಿಯ ಕೈ, ಕಲ್ಲು, ಕಾಳು ಎಲ್ಲವೂ ಕಸವಾಗುತ್ತಿದ್ದವು. ಹಾಗೆಯೇ ಯಾವ ಸಾಲು ಇಂಗ್ಲಿಷಿನಲ್ಲಿದೆ ಎಂದು ಗುರುತಿಸಲು ಅವರು ಸಾಲಿನ ಮೊದಲಿಗೆ ಒಂದು ಗುರುತು ಇಟ್ಟಿದ್ದರು. ಬರೀ ಟೆಕ್ಸ್ಟ್ ಫೈಲಿನಲ್ಲಿ ನುಡಿಯ ಕನ್ನಡಕ್ಕೂ ನಿಜವಾದ ಇಂಗ್ಲಿಷಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಕ್ಯಾಸೆಟ್ ಸಂಖ್ಯೆ, ತಾರೀಖು, ಊರು ಬರೆದ ಇಂಗ್ಲಿಷ್ ಸಾಲುಗಳೆಲ್ಲ ಕನ್ನಡದ ಚೂರುಗಳಾಗಿ ಬದಲಾಗುತ್ತಿದ್ದವು. ಕ್ಷೇತ್ರಕಾರ್ಯದ ಅರಿವೆಲ್ಲ ಥೀಸಿಸ್ಸಿನಲ್ಲಿ ಇರುತ್ತದೆ ಎಂದು ನಾವು ನಂಬಿರುತ್ತೇವೆ. ಈ ಅರಿವು ಇದ್ದುದು ಯಾರೂ ಓದದ ಆ ಕೋಡಿನಲ್ಲಿ ಮಾತ್ರ. ಆದ್ದರಿಂದ ಪ್ರೋಗ್ರಾಮನ್ನು ಬಿಸಾಡಿ ಹೊಸದು ಬರೆಯುವ ಆಸೆ ಬಿಟ್ಟು, ಅದನ್ನೇ ಸಾಲು ಸಾಲಾಗಿ ಮೂರಕ್ಕೆ ದಾಟಿಸುವುದು ಎಂದು ತೀರ್ಮಾನಿಸಿದೆ.

ಪೈಥಾನಿನ ಹೆಸರು ಹಾವಿನಿಂದ ಬಂದದ್ದಲ್ಲ. ಡಚ್ ಪ್ರೋಗ್ರಾಮರ್ ಗೀಡೊ ವಾನ್ ರೋಸಮ್ 1991ರಲ್ಲಿ ಇದನ್ನು ಹೊರಗೆ ತಂದಾಗ ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯ ತಂಡದ ಹೆಸರಿಟ್ಟಿದ್ದರು. ಪೈಥಾನಿನ ಪ್ಯಾಕೇಜುಗಳೆಲ್ಲ ಸಿಗುವ ಭಂಡಾರಕ್ಕೆ ಹಿಂದೆ 'ಚೀಸ್ ಶಾಪ್' ಎಂಬ ಅಡ್ಡಹೆಸರಿತ್ತು. ಅದೂ ಆ ತಂಡದ ಒಂದು ಪ್ರಹಸನವೇ. ಗಿರಾಕಿ ಒಂದಾದ ಮೇಲೊಂದು ಚೀಸಿನ ಹೆಸರು ಹೇಳುತ್ತಾನೆ, ಅಂಗಡಿಯಲ್ಲಿ ಯಾವುದೂ ಇರುವುದಿಲ್ಲ. ಹಳೆಯ ಪ್ಯಾಕೇಜು ಹುಡುಕುತ್ತಾ ರಾತ್ರಿ ಹನ್ನೊಂದಕ್ಕೆ ಕೂತವರಿಗೆ ಈ ಹಾಸ್ಯ ಸ್ವಲ್ಪ ಜಾಸ್ತಿಯೇ ಅರ್ಥವಾಗುತ್ತದೆ.

2008ರ ಡಿಸೆಂಬರ್ 3ರಂದು ಪೈಥಾನ್ 3.0 ಬಂತು. ಸಾಮಾನ್ಯವಾಗಿ ಹೊಸ ಆವೃತ್ತಿ ಬಂದರೂ ಹಳೆಯ ಪ್ರೋಗ್ರಾಂ ಓಡುತ್ತದೆ. ಇಲ್ಲಿ ಬೇಕೆಂದೇ ಆ ಕೊಂಡಿ ಕಳಚಿದ್ದರು. ಹೊರನೋಟಕ್ಕೆ ಕಾಣುವ ಬದಲಾವಣೆ ಚಿಕ್ಕದು: ಮೊದಲು 'ಪ್ರಿಂಟ್' ಎಂದು ಬರೆದು ಪಕ್ಕದಲ್ಲಿ ಬೇಕಾದ್ದು ಬರೆದರೆ ಸಾಕಿತ್ತು, ಈಗ ಆವರಣ ಕಡ್ಡಾಯ. ನಿಜವಾದ ಬದಲಾವಣೆ ಪಠ್ಯ ಎಂದರೇನು ಎಂಬ ಪ್ರಶ್ನೆಯಲ್ಲಿತ್ತು. ಎರಡನೇ ಆವೃತ್ತಿಗೆ ಪಠ್ಯವೆಂದರೆ ಬೈಟುಗಳ ಸಾಲು. ಇಂಗ್ಲಿಷಿಗೆ ಒಂದಕ್ಷರ ಒಂದು ಬೈಟು, ಹಾಗಾಗಿ ಅವರಿಗೆ ಅಡ್ಡಿಯಿಲ್ಲ. ಯುಟಿಎಫ್-8ರಲ್ಲಿ ಉಳಿಸಿದ 'ಕನ್ನಡ' ಎಂಬ ಪದ ಎಷ್ಟುದ್ದ ಎಂದು ಪೈಥಾನ್ ಎರಡನ್ನು ಕೇಳಿದರೆ 15 ಎನ್ನುತ್ತದೆ. ಮೂರನ್ನು ಕೇಳಿದರೆ 5: ಕ, ನ, ಹಲಂತದ ಚಿಹ್ನೆ, ಇನ್ನೊಂದು ನ, ಡ. ಒಂದನೇ ತರಗತಿಯ ಮಗುವನ್ನು ಕೇಳಿದರೆ 3. ಮಗುವಿನ ಉತ್ತರಕ್ಕೆ ಪೈಥಾನ್ ಇನ್ನೂ ತಲುಪಿಲ್ಲ, ಆದರೆ 15ರಿಂದ 5ಕ್ಕೆ ಇಳಿದದ್ದು ನಮ್ಮಂಥವರ ಪಾಲಿಗೆ ಸಣ್ಣ ಮಾತಲ್ಲ. ಎರಡರಲ್ಲೂ ಪದದ ಹಿಂದೆ 'ಯು' ಎಂಬ ಅಕ್ಷರ ಹಚ್ಚಿ ಯೂನಿಕೋಡ್ ಪಠ್ಯ ಮಾಡಿಕೊಳ್ಳಬಹುದಿತ್ತು. ಮರೆತರೆ ಮತ್ತೆ ಇ-ಸೊನ್ನೆಯ ಬೈಗುಳ. ಅಂದರೆ ಇಂಗ್ಲಿಷೇತರ ಭಾಷೆಯವರು ಪ್ರತಿ ಬಾಗಿಲಲ್ಲೂ ಗುರುತಿನ ಚೀಟಿ ತೋರಿಸಬೇಕಿತ್ತು. ಮೂರರಲ್ಲಿ ಎಲ್ಲ ಪಠ್ಯವೂ ಹುಟ್ಟಿನಿಂದಲೇ ಯೂನಿಕೋಡ್.

ಇಷ್ಟು ಒಳ್ಳೆಯ ಬದಲಾವಣೆಯಾದರೂ ಜನ ದಾಟಲಿಲ್ಲ. ನನ್ನ ಪ್ರೋಗ್ರಾಂ ಐದು ಪ್ಯಾಕೇಜುಗಳ ಮೇಲೆ ನಿಂತಿದ್ದರೆ ಆ ಐದೂ ಮೊದಲು ದಾಟಬೇಕು, ಅವು ಮತ್ತೆ ಐದರ ಮೇಲೆ ನಿಂತಿರುತ್ತವೆ. 'ನೀವು ಮೊದಲು' 'ಇಲ್ಲ, ನೀವು ಮೊದಲು' ಎಂದು ಎಲ್ಲರೂ ಹೊಸಿಲಲ್ಲೇ ನಿಂತರು. ದಾಟದ ಪ್ಯಾಕೇಜುಗಳನ್ನು ಕೆಂಪು ಬಣ್ಣದಲ್ಲಿ ತೋರಿಸುವ 'ನಾಚಿಕೆಯ ಗೋಡೆ' ಎಂಬ ಪಟ್ಟಿಯನ್ನೇ ಯಾರೋ ಮಾಡಿದ್ದರು. ಬಹುಪಾಲು ದಾಟಿದ ಮೇಲೆ ಅದರ ಹೆಸರನ್ನು ಬದಲಿಸಿ 'ಮಹಾಶಕ್ತಿಗಳ ಗೋಡೆ' ಎಂದರು. ಎರಡೂ ಕಡೆ ಓಡುವಂತೆ ಬರೆಯಲು 'ಸಿಕ್ಸ್' ಎಂಬ ಪ್ಯಾಕೇಜು ಬಂತು, ಎರಡನ್ನು ಮೂರರಿಂದ ಗುಣಿಸಿದರೆ ಆರು ಎಂಬ ಲೆಕ್ಕದಲ್ಲಿ. ಪೈಥಾನ್ ಎರಡರ ಕೊನೆಯ ದಿನವನ್ನು ಮೊದಲು 2015 ಎಂದಿದ್ದರು, ಆಮೇಲೆ 2020ಕ್ಕೆ ತಳ್ಳಿದರು. 2.8 ಬರಬಹುದೆಂದು ಕಾಯುವವರಿಗಾಗಿ, ಅದು ಎಂದಿಗೂ ಬರುವುದಿಲ್ಲ ಎಂದು ಹೇಳುವ ಅಧಿಕೃತ ದಾಖಲೆಯೊಂದನ್ನೇ ಹೊರಡಿಸಿದರು. ಅದಕ್ಕೆ ಕೊಟ್ಟ ಸಂಖ್ಯೆ 404. ಕೊನೆಗೆ 2020ರ ಏಪ್ರಿಲಿನಲ್ಲಿ, ನಾವೆಲ್ಲ ಲಾಕ್‌ಡೌನಿನಲ್ಲಿ ಮನೆಯಲ್ಲಿ ಕೂತಿದ್ದಾಗ, 2.7.18 ಎಂಬ ಕೊನೆಯ ಆವೃತ್ತಿ ಬಂತು. ಅಲ್ಲಿಗೆ ಮುಗಿಯಿತು.

ಹನ್ನೊಂದು ವರ್ಷ ತೆಗೆದುಕೊಂಡದ್ದಕ್ಕೆ ನಗುವವರಿದ್ದಾರೆ. ಕನ್ನಡ ಓದಿದವರು ನಗಬಾರದು. ನಮ್ಮಲ್ಲಿ ಱ ಮತ್ತು ೞ ಎಂಬ ಎರಡು ಅಕ್ಷರ ಬಿಟ್ಟುಹೋಗಲು ಶತಮಾನಗಳೇ ಬೇಕಾದವು. 13ನೇ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ೞ ಇರುವ ಪದಗಳನ್ನು ಪಟ್ಟಿ ಮಾಡಿಕೊಡುತ್ತಾನೆ. ಎಲ್ಲರಿಗೂ ತಾನಾಗಿ ತಿಳಿದಿದ್ದರೆ ಪಟ್ಟಿ ಯಾರಿಗೆ ಬೇಕಿತ್ತು? ಎಂ.ಎ. ತರಗತಿಯಲ್ಲಿ ಅದನ್ನು ಬೇಸರದಿಂದ ಬಾಯಿಪಾಠ ಮಾಡಿದ್ದೆ. ಈಗ ನೋಡಿದರೆ ಅದು ಹಳೆಯ ಆವೃತ್ತಿ ಬಲ್ಲವನೊಬ್ಬ ಹೊಸಬರಿಗೆ ಮಾಡಿಕೊಟ್ಟ ಹೊಂದಾಣಿಕೆಯ ಪಟ್ಟಿಯಂತೆಯೇ ಇದೆ. ಅಂದಹಾಗೆ ಯೂನಿಕೋಡಿನಲ್ಲಿ ೞ ಅಕ್ಷರಕ್ಕೆ ಇಟ್ಟ ಹೆಸರು 'ಕನ್ನಡದ ಫ' ಎಂದು! ಯಾರದೋ ತಪ್ಪು ತಿಳುವಳಿಕೆ. ತಪ್ಪೆಂದು ಗೊತ್ತಾದರೂ ಅದನ್ನು ತಿದ್ದುವಂತಿಲ್ಲ, ಯಾಕೆಂದರೆ ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸುವುದಿಲ್ಲ ಎಂಬುದು ಯೂನಿಕೋಡಿನ ನಿಯಮ. ಪಕ್ಕದಲ್ಲಿ ಸರಿಯಾದ ಇನ್ನೊಂದು ಹೆಸರನ್ನು ಸೇರಿಸಿ ಸುಮ್ಮನಾಗಿದ್ದಾರೆ. ಒಬ್ಬರು ತಪ್ಪನ್ನು ಹಾಗೇ ಇಟ್ಟುಕೊಂಡು ಹಳೆಯದನ್ನು ಕಾಯುತ್ತಾರೆ, ಇನ್ನೊಬ್ಬರು ತಪ್ಪು ತಿದ್ದಲು ಹಳೆಯದನ್ನು ಮುರಿಯುತ್ತಾರೆ. ನನ್ನ ಮನಸ್ಸು ಮೊದಲಿನಿಂದಲೂ ಯೂನಿಕೋಡಿನ ಕಡೆ. ಸಂಗ್ರಹ ಮಾಡುವವರಿಗೆ ಅದೇ ಕ್ಷೇಮ.

ಇನ್ನು ಕೆಲಸದ ವಿಷಯ. ಎರಡರಿಂದ ಮೂರಕ್ಕೆ ತಾನಾಗಿ ಬದಲಿಸಿಕೊಡುವ 'ಟು-ಟು-ತ್ರೀ' ಎಂಬ ಸಾಧನ ಪೈಥಾನಿನ ಜೊತೆಗೇ ಬರುತ್ತಿತ್ತು. 2024ರ ಅಕ್ಟೋಬರಿನಲ್ಲಿ ಬಂದ 3.13ರಲ್ಲಿ ಅದನ್ನೂ ತೆಗೆದುಬಿಟ್ಟಿದ್ದಾರೆ. ಹೊಳೆ ದಾಟಿಸುತ್ತಿದ್ದ ತೆಪ್ಪವೇ ಇಲ್ಲ. ಸ್ವಲ್ಪ ಹಳೆಯ ಮೂರನ್ನು ಹಾಕಿಕೊಂಡು ಓಡಿಸಿದೆ. ಪ್ರಿಂಟುಗಳಿಗೆಲ್ಲ ಆವರಣ ಬಿತ್ತು. ಆದರೆ ಯಾಂತ್ರಿಕ ಬದಲಾವಣೆಗೆ ಒಂದು ಮಿತಿ ಇದೆ. ಹಳಗನ್ನಡದ 'ಪಾಲು' ಹೊಸಗನ್ನಡದಲ್ಲಿ 'ಹಾಲು' ಆಯಿತೆಂದು ಪಕಾರಗಳನ್ನೆಲ್ಲ ಹಕಾರ ಮಾಡಿದರೆ 'ಪುಸ್ತಕ' 'ಹುಸ್ತಕ'ವಾಗುತ್ತದೆ. ಯಾವ ಪಕಾರ ಯಾವುದು ಎಂದು ತಿಳಿಯಲು ಆ ಪದ ಎಲ್ಲಿಂದ ಬಂತೆಂದು ಗೊತ್ತಿರಬೇಕು. ಕೋಡಿನಲ್ಲೂ ಅಷ್ಟೇ: ಇದು ಬೈಟಾಗಿಯೇ ಇರಬೇಕಾದ ನುಡಿಯ ಪಠ್ಯವೇ, ಪರಿವರ್ತನೆಯಾದ ಯೂನಿಕೋಡ್ ಪಠ್ಯವೇ ಎಂಬುದನ್ನು ಸಾಧನ ತಿಳಿಯಲಾರದು.

ಆಮೇಲೆ ಪ್ಯಾಕೇಜುಗಳ ಸರದಿ. ನಾಲ್ಕಕ್ಕೆ ಹೊಸ ಆವೃತ್ತಿ ಸಿಕ್ಕಿತು. ಐದನೆಯದು, ಹೆಸರು ಬೇಡ, 2012ರಿಂದ ಯಾರೂ ಮುಟ್ಟಿರಲಿಲ್ಲ. ಅದನ್ನು ಹಾಕಿಕೊಳ್ಳಲು ಹೋದರೆ ಅರ್ಥವಾಗದ ದೋಷವೊಂದು ಬಂದು ನಿಂತಿತು. ಆ ಪ್ಯಾಕೇಜಿನ ಕರ್ತೃ ಪಾಪ ಒಳ್ಳೆಯದನ್ನೇ ಮಾಡಿದ್ದರು: ಹಾಕಿಕೊಳ್ಳುವ ಹೊತ್ತಿನಲ್ಲೇ ಕೋಡು ಮೂರಕ್ಕೆ ಬದಲಾಗಲಿ ಎಂದು ಒಂದು ಸೂಚನೆ ಬರೆದಿಟ್ಟಿದ್ದರು. ಪ್ಯಾಕೇಜುಗಳನ್ನು ಜೋಡಿಸುವ ಸೆಟಪ್‌ಟೂಲ್ಸ್ 2021ರಲ್ಲಿ ತನ್ನ 58ನೇ ಆವೃತ್ತಿಯಿಂದ ಆ ಸೂಚನೆಯನ್ನು ಒಪ್ಪುವುದನ್ನೇ ಬಿಟ್ಟಿತು. ಹೊಸ ಕಾಲಕ್ಕೆಂದು ಮಾಡಿಟ್ಟ ಏರ್ಪಾಡೇ ಈಗ ಹಳತಾಗಿ ದಾರಿಗೆ ಅಡ್ಡ ಬಿದ್ದಿತ್ತು. ಸೆಟಪ್‌ಟೂಲ್ಸ್‌ನ ಹಳೆಯ ಆವೃತ್ತಿ ಹಾಕಿ ಸುಧಾರಿಸಬಹುದು, ಹಲವರು ಹಾಗೇ ಮಾಡುತ್ತಾರೆ. ಆದರೆ ಅದು ಬಿರುಕಿಗೆ ಸುಣ್ಣ ಬಳಿದಂತೆ. ಮುಂದಿನ ವರ್ಷ ಇನ್ನೊಬ್ಬರು ಇದೇ ಜಾಗದಲ್ಲಿ ನಿಲ್ಲುತ್ತಾರೆ. ನಾನು ಆ ಪ್ಯಾಕೇಜನ್ನು ಬಿಚ್ಚಿ ಓದಿದೆ. ನಮ್ಮ ಪ್ರೋಗ್ರಾಂ ಅದರಿಂದ ಬಳಸುತ್ತಿದ್ದುದು ಒಂದೇ ಒಂದು ಫಂಕ್ಷನ್, ಇಪ್ಪತ್ತು ಸಾಲಿನದ್ದು. ಒಂದು ಹಿಡಿ ಜೀರಿಗೆಗೆ ಇಡೀ ಕಿರಾಣಿ ಅಂಗಡಿಯನ್ನೇ ಮನೆಗೆ ತಂದಿಟ್ಟುಕೊಂಡಿದ್ದೆವು. ಲೈಸೆನ್ಸು ಓದಿ ನೋಡಿದೆ, ಹೆಸರು ಉಳಿಸಿಕೊಂಡು ಬಳಸಬಹುದು ಎಂದಿತ್ತು. ಕರ್ತೃವಿನ ಹೆಸರು, ವರ್ಷ ಬರೆದು ಆ ಇಪ್ಪತ್ತು ಸಾಲುಗಳನ್ನು ನಮ್ಮ ಫೈಲಿಗೇ ತಂದುಕೊಂಡೆ. ಪ್ಯಾಕೇಜಿನ ಹಂಗು ತಪ್ಪಿತು. ಇದು ಎಲ್ಲ ಕಡೆ ಸಾಧ್ಯವಿಲ್ಲ, ಆದರೆ ಸಂಶೋಧಕರು ಬರೆಯುವ ಪುಟ್ಟ ಪ್ರೋಗ್ರಾಮುಗಳಲ್ಲಿ ನಾವು ಊಹಿಸುವುದಕ್ಕಿಂತ ಹೆಚ್ಚು ಸಲ ಸಾಧ್ಯ. ಹೊಸ ಪ್ಯಾಕೇಜು ಸೇರಿಸುವ ಮುನ್ನ ಅದರಿಂದ ನಿಜಕ್ಕೂ ಬೇಕಿರುವುದು ಎಷ್ಟು ಎಂದು ಈಗ ಮೊದಲು ನೋಡುತ್ತೇನೆ.

ಕೂಗಿ ಹೇಳುವ ದೋಷಗಳ ಬಗ್ಗೆ ನನಗೆ ತಕರಾರಿಲ್ಲ, ಅವು ನಿಯತ್ತಿನವು. ಹೆದರಿಕೆ ಇರುವುದು ಮೌನವಾಗಿರುವವುಗಳ ಬಗ್ಗೆ. ನುಡಿಯ ಫೈಲನ್ನು ಪೈಥಾನ್ ಮೂರರಲ್ಲಿ ತೆರೆದರೆ ನನ್ನ ಲ್ಯಾಪ್‌ಟಾಪಿನಲ್ಲಿ ಅದು ಯುಟಿಎಫ್-8 ಎಂದೇ ತಿಳಿದು ಓದಲು ಹೋಗುತ್ತದೆ, ಓದಲಾಗದೆ ನಿಲ್ಲುತ್ತದೆ. ಹುಡುಕಿದರೆ ಎಲ್ಲೆಡೆ ಸಿಗುವ ಸಲಹೆ ಒಂದೇ: ದೋಷವನ್ನು ಉಪೇಕ್ಷಿಸು ಎಂಬ ಒಂದು ಪದ ಸೇರಿಸಿ, ಸರಿಯಾಗುತ್ತದೆ. ಏನಾಗುತ್ತದೆ ನೋಡೋಣವೆಂದು ಒಂದು ನಕಲಿನ ಮೇಲೆ ಮಾಡಿದೆ. ದೋಷ ಹೋಯಿತು. 'ಕನ್ನಡ' ಎಂಬ ಪದದ ಏಳು ಬೈಟುಗಳಲ್ಲಿ ಎರಡು ಉಳಿದಿದ್ದವು, ದೊಡ್ಡ ಪಿ ಮತ್ತು ಸಣ್ಣ ಕ್ಯೂ. ಉಳಿದ ಐದು ಎಲ್ಲಿಗೆ ಹೋದವೆಂದು ಯಾವ ಸೂಚನೆಯೂ ಇಲ್ಲ. ಸಾವಿರ ಫೈಲಿಗೆ ಹೀಗೆ ಮಾಡಿ, ಮೂಲವನ್ನು ಅಳಿಸಿ, ಕೆಲಸ ಮುಗಿಯಿತೆಂದು ಟೀ ಕುಡಿಯಲು ಹೋಗುವುದು ಎಷ್ಟು ಸುಲಭ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಸರಿಯಾದ ದಾರಿ, ಫೈಲನ್ನು ಲ್ಯಾಟಿನ್-1 ಎಂದು ಹೇಳಿ ತೆರೆಯುವುದು. ಅದರಲ್ಲಿ 256 ಬೈಟುಗಳಿಗೂ ಒಂದೊಂದು ಅಕ್ಷರವಿದೆ, ಹಾಗಾಗಿ ಯಾವುದೂ ಕಳೆದುಹೋಗುವುದಿಲ್ಲ. ಅಲ್ಲಿಂದ ಸೀನಿಯರ್ ಮಾಡಿದ ಪಟ್ಟಿ ಹಿಡಿದು ಕನ್ನಡಕ್ಕೆ ಬರಬಹುದು.

ಹಳೆಯದೂ ಹೊಸದೂ ಒಂದೇ ಉತ್ತರ ಕೊಡುತ್ತವೆಯೇ ಎಂದು ತಿಳಿಯಲು ಒಂದೇ ಉಪಾಯ, ಎರಡನ್ನೂ ಓಡಿಸಿ ಹೋಲಿಸುವುದು. ಡಾಕರ್ ಎಂಬ ತಂತ್ರಾಂಶದ ಪೆಟ್ಟಿಗೆಯೊಳಗೆ ಪೈಥಾನ್ 2.7 ಈಗಲೂ ಸಿಗುತ್ತದೆ. ಗುಜರಿಗೆ ಹೋಗಬೇಕಿದ್ದ ಯಂತ್ರದಲ್ಲಿದ್ದ ಪ್ರೋಗ್ರಾಂ ಮತ್ತು ಅದರ ಪ್ಯಾಕೇಜುಗಳನ್ನೆಲ್ಲ ಆ ಪೆಟ್ಟಿಗೆಗೆ ಸಾಗಿಸಿ, ಎಲ್ಲ ಫೈಲುಗಳನ್ನು ಓಡಿಸಿ, ಬಂದ ಫಲಿತಾಂಶವನ್ನು ಒಂದು ಕಡೆ ಇಟ್ಟೆ. ಹೊಸದರ ಫಲಿತಾಂಶ ಇನ್ನೊಂದು ಕಡೆ. ಸಾಲಿಗೆ ಸಾಲು ಹೋಲಿಸಿದೆ. ಪಠ್ಯ ಹೆಚ್ಚುಕಡಿಮೆ ಪೂರ್ತಿ ಹೊಂದಿತು. ಹೊಂದದ ಕಡೆ ಹಳೆಯದರಲ್ಲೇ ಒಂದು ಸೂಕ್ಷ್ಮವಿತ್ತು: ನುಡಿ 'ಗೋ' ಎಂಬುದನ್ನು ಗ, ಎತ್ವ, ಕೊಂಬಿನ ತುಂಡು, ದೀರ್ಘ ಎಂದು ಬಿಡಿಬಿಡಿಯಾಗಿ ಇಡುತ್ತದೆ. ಹಳೆಯ ಪ್ರೋಗ್ರಾಂ ಅದನ್ನು ಕೆಲವೆಡೆ ಹಾಗೇ ಬಿಡಿಯಾಗಿ ಯೂನಿಕೋಡಿಗೆ ತಂದಿತ್ತು. ಪರದೆಯ ಮೇಲೆ 'ಗೋವು' ಎಂದೇ ಕಾಣುತ್ತದೆ, ಒಳಗೆ ನಾಲ್ಕು ಸಂಕೇತಗಳ ಬದಲು ಆರು. 'ಗೋವು' ಎಂದು ಹುಡುಕಿದರೆ ಸಿಗುವುದಿಲ್ಲ. ಅದನ್ನು ಕೂಡಿಸಿ ಒಂದು ಮಾಡುವ ವಿಧಾನ ಯೂನಿಕೋಡಿನಲ್ಲೇ ಇದೆ, ಒಂದು ಸಾಲು ಸೇರಿಸಿದೆ. ಹಾಡುಗಳಲ್ಲಿ ಅಡಗಿ ಕೂತಿದ್ದ ಗೋವುಗಳೂ ಕೋಗಿಲೆಗಳೂ ಹೊರಗೆ ಬಂದವು.

ಅಂಕಿಗಳು ಮಾತ್ರ ಹೊಂದಲಿಲ್ಲ. ಅದೇ ದೊಡ್ಡ ಸಂಗತಿ. ಸೀನಿಯರ್ ತಮ್ಮ ಸಂಶೋಧನೆಯಲ್ಲಿ ಬೀಸುವ ಪದದ ಸಾಲಿಗೂ ಸೋಬಾನೆಯ ಸಾಲಿಗೂ ಸರಾಸರಿ 11 ಅಕ್ಷರ ಎಂದು ಕೋಷ್ಟಕದಲ್ಲಿ ತೋರಿಸಿ, ಎರಡಕ್ಕೂ ಒಂದೇ ಅಚ್ಚು ಎಂಬ ತೀರ್ಮಾನ ಬರೆದಿದ್ದರು. ನನ್ನ ಥೀಸಿಸ್ಸಿನ ಮೂರನೇ ಅಧ್ಯಾಯ ನಿಂತಿರುವುದು ಅದರ ಮೇಲೆ. ಹೊಸ ಪ್ರೋಗ್ರಾಂ ಒಂದಕ್ಕೆ 11ರ ಮೇಲೆ ಚೂರೇ ಚೂರು, ಇನ್ನೊಂದಕ್ಕೆ 12ರ ಹತ್ತಿರ ಎಂದಿತು. ಕಾರಣ ಹುಡುಕಲು ಎರಡು ದಿನ ಹಿಡಿಯಿತು, ಕಂಡಮೇಲೆ ಅರ್ಧ ನಿಮಿಷದ ಮಾತು. ಪೈಥಾನ್ ಎರಡರಲ್ಲಿ 3ನ್ನು 2ರಿಂದ ಭಾಗಿಸಿದರೆ 1 ಬರುತ್ತದೆ. ಎರಡೂ ಪೂರ್ಣಾಂಕವಾದ್ದರಿಂದ ಉತ್ತರವೂ ಪೂರ್ಣಾಂಕ, ದಶಾಂಶ ಬಿಟ್ಟುಬಿಡುತ್ತದೆ. ಮೂರರಲ್ಲಿ ಒಂದೂವರೆ. ಒಟ್ಟು ಅಕ್ಷರಗಳನ್ನು ಒಟ್ಟು ಸಾಲುಗಳಿಂದ ಭಾಗಿಸುವಲ್ಲಿ ಹಳೆಯ ಪೈಥಾನ್ ಬಾಲ ಕತ್ತರಿಸಿ ಎರಡನ್ನೂ 11 ಮಾಡಿತ್ತು. ಅದು ಭಾಷೆಯ ಆಗಿನ ಕಟ್ಟಳೆ, ಯಾವ ಎಚ್ಚರಿಕೆಯೂ ಬರುತ್ತಿರಲಿಲ್ಲ. ಹೊಸ ಆವೃತ್ತಿಗೆ ದಾಟದಿದ್ದರೆ ಈ ಒಂದು ಅಕ್ಷರದ ಅಂತರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇದನ್ನು ಅವರಿಗೆ ಹೇಗೆ ಹೇಳುವುದು? ಅವರೀಗ ಜಾನಪದ ಬಿಟ್ಟು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ. ಊರೂರು ಅಲೆದು ಮಾಡಿದ ಸಂಗ್ರಹ ಅವರದು, ಲ್ಯಾಪ್‌ಟಾಪ್ ಮುಂದೆ ಕೂತು ಲೆಕ್ಕ ತಪ್ಪೆನ್ನುವವಳು ನಾನು. ಮೇಡಂ "ಮೊದಲು ಅವರಿಗೆ ಹೇಳು, ಆಮೇಲೆ ಬರಿ" ಎಂದರು. ಭಾನುವಾರ ಬೆಳಿಗ್ಗೆ ಫೋನು ಮಾಡಿ ಎಲ್ಲ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಯಾವುದು ಉದ್ದ ಬಂತು?"

"ಬೀಸೋ ಪದ, ಅಣ್ಣಾ."

"ಬರಬೇಕು. ಕಲ್ಲು ತಿರುಗಬೇಕಲ್ಲ, ಸೋಬಾನೆಗೆ ಕೂತ್ಕೊಂಡೇ ಹಾಡ್ತಾರೆ. ನನಗೆ ಆಗ್ಲೇ ಕಿವಿಗೆ ಹಾಗನ್ನಿಸಿತ್ತು. ಲೆಕ್ಕ ಒಂದೇ ಬಂತಲ್ಲ ಅಂತ ಸುಮ್ಮನಾದೆ." ಮತ್ತೆ ಸ್ವಲ್ಪ ತಡೆದು, "ನನ್ನ ಹೆಸರು ಹಾಕೇ ಬರಿಯಮ್ಮ. ಕೋಷ್ಟಕ ಎರಡೂ ಪಕ್ಕಪಕ್ಕ ಹಾಕು" ಎಂದರು.

ಅಧ್ಯಾಯವನ್ನು ಪೂರ್ತಿ ತಿರುಗಿ ಬರೆಯುತ್ತಿದ್ದೇನೆ. ಕಲ್ಲಿನ ಸುತ್ತಿಗೂ ಸಾಲಿನ ಉದ್ದಕ್ಕೂ ನಂಟಿದೆಯೇ ಎಂಬುದು ಈಗ ಅದರ ಪ್ರಶ್ನೆ. ಅದಕ್ಕೆ ಅಜ್ಜಿಯ ಸಮಚಿಹ್ನೆಗಳೇ ಆಧಾರ. ಎರಡು ಸಮಚಿಹ್ನೆಗಳ ನಡುವೆ ಎಷ್ಟು ಅಕ್ಷರ ಬರುತ್ತದೆ ಎಂದು ಎಣಿಸಲು ಪ್ರೋಗ್ರಾಮಿಗೆ ಹೊಸದಾಗಿ ಹತ್ತು ಸಾಲು ಸೇರಿಸಿದ್ದೇನೆ, ಮತ್ತು ಅದರ ಪಕ್ಕದ ಹಳೆಯ ಟಿಪ್ಪಣಿಯನ್ನು ಈಗ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಪೈಥಾನ್ ಮೂರು ಅದಕ್ಕೆ ತಕರಾರು ಮಾಡುವುದಿಲ್ಲ.

ಎರಡು ಫೈಲುಗಳು ಮಾತ್ರ ಇನ್ನೂ ಬಂದಿಲ್ಲ. ಅವು ನುಡಿಯಲ್ಲಿಲ್ಲ, ತಿಪಟೂರಿನ ಯಾವುದೋ ಡಿಟಿಪಿ ಅಂಗಡಿಯಲ್ಲಿ ಶ್ರೀಲಿಪಿಯಲ್ಲಿ ಟೈಪು ಮಾಡಿಸಿದವಂತೆ. ಅದರ ಅಕ್ಷರಪಟ್ಟಿಯೇ ಬೇರೆ. ಕಾಗದದ ಪ್ರತಿಯೊಂದು ಮನೆಯ ಅಟ್ಟದಲ್ಲಿ ಇರಬೇಕು, ಯುಗಾದಿಗೆ ಊರಿಗೆ ಹೋದಾಗ ಹುಡುಕಿ ತರುತ್ತೇನೆ ಎಂದಿದ್ದಾರೆ ಅಣ್ಣ. ಅದು ಸಿಕ್ಕಿದರೆ ಇಬ್ಬರೂ ಕೂತು ಒಂದೊಂದೇ ಅಕ್ಷರ ಹೊಂದಿಸಿ ಪಟ್ಟಿ ಮಾಡುವುದು.